ಹವಳಕ್ಕೆ ಬಿಸಿ ತಾಳುವುದನ್ನು ಕಲಿಸಬಹುದೇ?

ಹವಳದ ದಿಬ್ಬಗಳ ಬಗ್ಗೆ 2025ರಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತದೆ. ಜುಲೈನಲ್ಲಿ ಅಮೆರಿಕದ ಮಿಯಾಮಿ ಹತ್ತಿರದ ಸಮುದ್ರದಲ್ಲಿ ಮಿಶ್ರತಳಿ ಹವಳದ ಮರಿಗಳನ್ನು ನೆಟ್ಟರು. ಬಿಸಿ ನೀರನ್ನು ಇವು ತಡೆದುಕೊಳ್ಳಬಹುದು ಎಂಬ ಆಸೆ. ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದಿಂದ ಕೆಟ್ಟ ಸುದ್ದಿ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಮತ್ತು ದಕ್ಷಿಣ ಭಾಗಗಳಲ್ಲಿ, 39 ವರ್ಷದ ಸಮೀಕ್ಷೆಯಲ್ಲೇ ಕಾಣದಷ್ಟು ಹವಳ ಒಂದೇ ವರ್ಷದಲ್ಲಿ ಕಡಿಮೆಯಾಗಿತ್ತು. ವಿಚಿತ್ರ ಎಂದರೆ, ಈ ಸಮೀಕ್ಷೆ ಮಾಡುವ ಸಂಸ್ಥೆಯೇ ಅದರ ಹಿಂದಿನ ವರ್ಷ ಅಲ್ಲಿ ಹವಳ ದಾಖಲೆ ಮಟ್ಟದಲ್ಲಿ ಹಬ್ಬಿದೆ ಎಂದಿತ್ತು. ಅಕ್ಟೋಬರ್‌ನಲ್ಲಿ ಸುಮಾರು 160 ವಿಜ್ಞಾನಿಗಳು ಸೇರಿ ಬರೆದ ವರದಿ ಇನ್ನೂ ಮುಂದೆ ಹೋಯಿತು. ಉಷ್ಣವಲಯದ ಹವಳ ದಿಬ್ಬಗಳು ಹಿಂದಿರುಗಲಾಗದ ತಿರುವನ್ನು ದಾಟುತ್ತಿವೆ ಎಂದಿತು.

ಹಾಗಾದರೆ ಹವಳ ಸತ್ತಿದೆಯೋ, ಬದುಕಿದೆಯೋ? ಮುಗಿದೇ ಹೋಗಿದ್ದರೆ ಮರಿ ನೆಡುವುದು ಯಾತಕ್ಕೆ?

ಮೂರೂ ಸುದ್ದಿ ನಿಜ. ಮೂರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಗೊಂದಲ ಅರ್ಧಕ್ಕರ್ಧ ತಿಳಿಯಾಗುತ್ತದೆ. ಆ ಅಳತೆಗೋಲಿನ ಹೆಸರು 'ಡಿಗ್ರಿ-ವಾರ'. ಅದಕ್ಕೆ ಮೊದಲು ಹವಳ ಅಂದರೆ ಏನು ಅನ್ನೋದನ್ನು ಸ್ವಲ್ಪ ನೋಡೋಣ.

ಕಲ್ಲಿನ ಮನೆ, ಪ್ರಾಣಿ ಮಾಲೀಕ, ಪಾಚಿ ಬಾಡಿಗೆದಾರ

ನಮಗೆ ಹವಳ ಅಂದ ಕೂಡಲೇ ನೆನಪಾಗುವುದು ಅಜ್ಜಿಯರ ಕೊರಳಿನ ಕೆಂಪು ಹವಳದ ಸರ. ಅದು ಬೇರೆ ಜಾತಿ, ಆಳದ ನೀರಿನದು. ಇಲ್ಲಿ ಮಾತಾಡುತ್ತಿರುವುದು ತಿಳಿನೀರಿನಲ್ಲಿ, ಬಿಸಿಲು ಬೀಳುವ ಕಡೆ ದಿಬ್ಬ ಕಟ್ಟುವ ಹವಳದ ಬಗ್ಗೆ.

ಈ ಹವಳ ಗಿಡದಂತೆ ಕಾಣುತ್ತದೆ, ಮುಟ್ಟಿದರೆ ಕಲ್ಲು, ಆದರೆ ಅದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದಕ್ಕೂ ಒಂದು ಬಾಯಿ, ಬಾಯಿ ಸುತ್ತ ಬೆರಳಿನಂಥ ಕುಚ್ಚು. ತಮ್ಮ ಕೆಳಗೆ ತಾವೇ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತಾ ಹೋಗುತ್ತವೆ. ಆ ಸುಣ್ಣವೇ ಸಾವಿರಾರು ವರ್ಷಗಳಲ್ಲಿ ದಿಬ್ಬವಾಗುತ್ತದೆ.

ಇಷ್ಟು ಕಟ್ಟಲು ಶಕ್ತಿ ಬೇಕಲ್ಲ, ಎಲ್ಲಿಂದ ಬರುತ್ತದೆ? ಪಾಲಿಪ್‌ನ ಜೀವಕೋಶಗಳ ಒಳಗೇ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸವಾಗಿದೆ. ಅದು ಬಿಸಿಲಿನಿಂದ ಸಕ್ಕರೆ ಮಾಡಿ ಬಾಡಿಗೆಯ ಹಾಗೆ ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಹೀಗೆ ಬರಬಹುದು. ಹವಳದ ಕಂದು, ಹಸಿರು ಬಣ್ಣವೂ ಬಹುಪಾಲು ಈ ಪಾಚಿಯದೇ.

ನೀರು ಬಿಸಿಯಾದಾಗ ಮೊದಲು ಕೆಡುವುದು ಈ ಬಾಡಿಗೆ ಒಪ್ಪಂದ. ಶಾಖಕ್ಕೆ ಪಾಚಿಯ ಒಳಗಿನ ಯಂತ್ರ ಹಾಳಾಗುತ್ತದೆ. ಬಿಸಿಲು ಬೀಳುತ್ತಲೇ ಇರುತ್ತದೆ, ಅದನ್ನು ಬಳಸಿಕೊಳ್ಳಲು ಆಗುವುದಿಲ್ಲ. ಆಗ ಸಕ್ಕರೆಯ ಬದಲು ಜೀವಕೋಶವನ್ನೇ ಸುಡುವಂಥ ಆಮ್ಲಜನಕದ ಅಣುಗಳು ಹುಟ್ಟುತ್ತವೆ. ಅನ್ನ ಹಾಕುತ್ತಿದ್ದವನೇ ವಿಷ ಹಾಕಲು ಶುರು ಮಾಡಿದ ಹಾಗೆ. ಹವಳ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಬಣ್ಣ ಹೋಗಿ ಪಾರದರ್ಶಕ ಚರ್ಮದ ಕೆಳಗಿನ ಬಿಳಿ ಸುಣ್ಣ ಕಾಣುತ್ತದೆ. ಇದನ್ನೇ ಹವಳ ಬಿಳಿಚುವುದು ಎನ್ನುವುದು.

ಬಿಳಿಚಿದ ಹವಳ ಸತ್ತ ಹವಳ ಅಲ್ಲ. ಅದು ಉಪವಾಸ ಕೂತ ಹವಳ. ಕೆಲವೇ ವಾರಗಳಲ್ಲಿ ನೀರು ತಣ್ಣಗಾದರೆ ಪಾಚಿ ಮತ್ತೆ ಸೇರಿಕೊಳ್ಳುತ್ತದೆ. ಇಲ್ಲದಿದ್ದರೆ ಹಸಿವು, ರೋಗ, ಸಾವು.

ಡಿಗ್ರಿ-ವಾರ ಎಂಬ ಸಾಲದ ಲೆಕ್ಕ

ಹವಳಕ್ಕೆ ಒಂದು ದಿನದ ಸೆಕೆ ಲೆಕ್ಕಕ್ಕಿಲ್ಲ. ಎಷ್ಟು ಬಿಸಿ, ಎಷ್ಟು ದಿನ ಅನ್ನುವುದು ಮುಖ್ಯ. ಅದಕ್ಕೇ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ ಡಿಗ್ರಿ-ವಾರದ ಲೆಕ್ಕ ಇಡುತ್ತದೆ. ಒಂದು ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು 1 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿಯಾಗಿ ಒಂದು ವಾರ ಇದ್ದರೆ 1 ಅಂಕ. 2 ಡಿಗ್ರಿ ಜಾಸ್ತಿ ಎರಡು ವಾರ ಇದ್ದರೆ 4 ಅಂಕ. ಹಿಂದಿನ 12 ವಾರಗಳ ಅಂಕ ಕೂಡುತ್ತಾ ಹೋಗುತ್ತಾರೆ, ಬಡ್ಡಿ ಸಾಲದ ಹಾಗೆ.

4 ದಾಟಿದರೆ ಹವಳ ಬಿಳಿಚುತ್ತದೆ. 8 ದಾಟಿದರೆ ಸಾಯಲು ಶುರು. ಬಹಳ ವರ್ಷ ಎಚ್ಚರಿಕೆಯ ಪಟ್ಟಿ 8ಕ್ಕೇ ಮುಗಿಯುತ್ತಿತ್ತು. 2023ರ ಬಿಸಿ ನೋಡಿದ ಮೇಲೆ ನೋವಾ ಅದಕ್ಕೆ ಹೊಸ ಮೆಟ್ಟಿಲು ಸೇರಿಸಬೇಕಾಯಿತು: 12, 16, 20. ಇಪ್ಪತ್ತು ದಾಟಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯಬಹುದು ಎಂದು ಅರ್ಥ. ಚಂಡಮಾರುತಕ್ಕೆ ಐದು ದರ್ಜೆ ಇರುವ ಹಾಗೆ ಹವಳದ ಸಾವಿಗೂ ಈಗ ಐದು ದರ್ಜೆ.

ಇಡೀ ಜಗತ್ತಿನ ಹವಳ ಒಟ್ಟಿಗೆ ಬಿಳಿಚಿದ್ದು ಮೊದಲು 1998ರಲ್ಲಿ. ಆಗ ಸುಮಾರು ಶೇ. 21ರಷ್ಟು ಹವಳ ಪ್ರದೇಶಕ್ಕೆ ಬಿಳಿಚುವಷ್ಟು ಬಿಸಿ ತಟ್ಟಿತ್ತು. 2010ರಲ್ಲಿ ಎರಡನೆಯದು, 2014ರಿಂದ 2017ರವರೆಗೆ ಮೂರನೆಯದು. ನಾಲ್ಕನೆಯದು 2023ರಲ್ಲಿ ಶುರುವಾಯಿತು. 2025ರ ಹೊತ್ತಿಗೆ ಶೇ. 84ರಷ್ಟು ಪ್ರದೇಶಕ್ಕೆ ತಟ್ಟಿತ್ತು.

ಅದರಲ್ಲೂ ಫ್ಲೋರಿಡಾದ ಕಥೆ ಬೇರೆಯೇ. 2023ರ ಬೇಸಿಗೆಯಲ್ಲಿ ಅಲ್ಲಿನ ಸುಮಾರು 560 ಕಿಲೋಮೀಟರ್ ಹವಳ ಪಟ್ಟಿಯಲ್ಲಿ ನೀರು ಸರಾಸರಿ 40 ದಿನಕ್ಕೂ ಜಾಸ್ತಿ 31 ಡಿಗ್ರಿ ಅಥವಾ ಅದಕ್ಕೂ ಮೇಲೆ ಇತ್ತು. ಒಟ್ಟು ಬಿಸಿಯ ಹೊರೆ ಹಿಂದಿನ ಯಾವ ವರ್ಷಕ್ಕಿಂತಲೂ ಎರಡರಿಂದ ನಾಲ್ಕು ಪಟ್ಟು. ಆ ದಿಬ್ಬಗಳನ್ನು ಕಟ್ಟಿದ ಎರಡು ಮುಖ್ಯ ಜಾತಿಗಳು ಕಡವೆ ಕೊಂಬಿನ ಹವಳ ಮತ್ತು ಜಿಂಕೆ ಕೊಂಬಿನ ಹವಳ. ವಿಜ್ಞಾನಿಗಳು ಇವುಗಳ 52,000ಕ್ಕೂ ಹೆಚ್ಚು ಗುಂಪುಗಳನ್ನು ಒಂದೊಂದಾಗಿ ನೋಡಿದರು. ಫ್ಲೋರಿಡಾ ಕೀಸ್ ದ್ವೀಪಸಾಲು ಮತ್ತು ಡ್ರೈ ಟೋರ್ಟುಗಾಸ್‌ನಲ್ಲಿ ಶೇ. 97.8ರಿಂದ 100ರಷ್ಟು ಸತ್ತಿದ್ದವು. ಅಲ್ಲೊಂದು ಇಲ್ಲೊಂದು ಉಳಿದಿರಬಹುದು. ಆದರೆ ದಿಬ್ಬ ಕಟ್ಟುವ ಕೆಲಸ ಅವುಗಳಿಂದ ಇನ್ನು ಸಾಗದು. ಮಿಶ್ರತಳಿಯ ಮರಿ ನೆಟ್ಟದ್ದು ಈ ಸಾವಿನ ಹಿನ್ನೆಲೆಯಲ್ಲಿ.

ದಾಖಲೆ ಏರಿಕೆ, ದಾಖಲೆ ಇಳಿಕೆ: ಎರಡೂ ಹೇಗೆ?

ಗ್ರೇಟ್ ಬ್ಯಾರಿಯರ್ ರೀಫ್ ಒಗಟು ಅಷ್ಟೇನೂ ಕಷ್ಟದ್ದಲ್ಲ. ಅಲ್ಲಿ ಬೇಗ ಬೆಳೆಯುವ ಕೊಂಬೆ ಮತ್ತು ತಟ್ಟೆಯಾಕಾರದ ಹವಳಗಳೇ ಏರಿಳಿತಕ್ಕೆ ಕಾರಣ. ಒಂದೆರಡು ವರ್ಷ ನೆಮ್ಮದಿ ಸಿಕ್ಕರೆ ಖಾಲಿ ಜಾಗವನ್ನೆಲ್ಲ ಇವು ತುಂಬಿಬಿಡುತ್ತವೆ. ಆಗ ಅಂಕಿ ಏರುತ್ತದೆ. ಬಿಸಿ ಬಂದಾಗ ಮೊದಲು ಸಾಯುವವೂ ಇವೇ. 2025ರಲ್ಲಿ ಉತ್ತರ ಭಾಗದ ಹವಳ ಹೊದಿಕೆ, ಅಂದರೆ ದಿಬ್ಬದ ಮೇಲ್ಮೈಯಲ್ಲಿ ಜೀವಂತ ಹವಳ ಇರುವ ಪಾಲು, ಶೇ. 39.8ರಿಂದ 30ಕ್ಕೆ ಇಳಿಯಿತು, ದಕ್ಷಿಣದಲ್ಲಿ 38.9ರಿಂದ 26.9ಕ್ಕೆ.

ಇದು ಎಲ್ಲಾ ದುಡ್ಡನ್ನೂ ಒಂದೇ ಬೆಳೆಗೆ ಹಾಕಿದ ರೈತನ ಪಾಡು. ಒಳ್ಳೆ ವರ್ಷ ಬಂಪರ್, ಕೆಟ್ಟ ವರ್ಷ ಬರಿಗೈ. ಆದ್ದರಿಂದ ಒಂದು ವರ್ಷದ ಏರಿಕೆ ನೋಡಿ 'ಹವಳ ಚೇತರಿಸಿತು' ಅನ್ನುವವರನ್ನೂ, ಒಂದು ವರ್ಷದ ಇಳಿಕೆ ನೋಡಿ 'ಮುಗೀತು' ಅನ್ನುವವರನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ನಿಜವಾದ ಸಮಸ್ಯೆ ಎರಡು ಬಿಸಿಗಳ ನಡುವಿನ ಬಿಡುವಿನದು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹವಳ ಬಿಳಿಚಿದ ವರ್ಷಗಳು ಇವು: 1998, 2002, 2016, 2017, 2020, 2022, 2024, 2025. 2002ರ ನಂತರ ಹದಿನಾಲ್ಕು ವರ್ಷ ಬಿಡುವು ಸಿಕ್ಕಿತ್ತು, ಈಗ ಎರಡು ವರ್ಷ ಸಿಕ್ಕರೆ ಪುಣ್ಯ.

ಬಿಡುವು ಸಿಗದಿದ್ದರೆ ಉಳಿದ ದಾರಿ ಒಂದೇ. ಬಿಸಿ ಬಂದಾಗ ಸಾಯುವ ಹವಳಗಳ ಸಂಖ್ಯೆ ಕಡಿಮೆ ಮಾಡಬೇಕು. ಜೀವವಿಜ್ಞಾನಿಗಳು ಕೈಹಾಕಿರುವುದು ಇಲ್ಲಿಗೆ. ಹವಾಯಿಯಲ್ಲಿದ್ದ ರುತ್ ಗೇಟ್ಸ್ ಮತ್ತು ಆಸ್ಟ್ರೇಲಿಯಾದ ಮಡೆಲೀನ್ ವಾನ್ ಆಪ್ಪೆನ್ ಅವರ ತಂಡ 2015ರಲ್ಲಿ ಇದಕ್ಕೊಂದು ಸಿದ್ಧಾಂತ ಮುಂದಿಟ್ಟಿತು. ವಿಕಾಸ ತಾನಾಗಿ ಆಗುವ ತನಕ ಕಾಯುವ ಬದಲು ಅದಕ್ಕೆ ನಾವೇ ಒಂದು ಕೈ ಕೊಡೋಣ ಎಂದು. ಗೇಟ್ಸ್ 2018ರಲ್ಲಿ ತೀರಿಕೊಂಡರು. ಆದರೆ ಅವರ ಮಾತು ಈಗ ಒಂದು ದೊಡ್ಡ ಸಂಶೋಧನಾ ಕ್ಷೇತ್ರವೇ ಆಗಿದೆ.

ಬೀಜದ ತೆನೆ ಆರಿಸುವ ಕೆಲಸ

ಅತಿ ಹಳೆಯ, ಅತಿ ಸರಳ ದಾರಿ ತಳಿ ಆಯ್ಕೆ. ಹೊಲದಲ್ಲಿ ಬರಕ್ಕೆ ಬಗ್ಗದೆ ನಿಂತ ತೆನೆಯನ್ನು ಬೀಜಕ್ಕೆ ಎತ್ತಿಡುವುದು ನಮ್ಮ ರೈತರಿಗೆ ಹೊಸದಲ್ಲ. ಹವಳದಲ್ಲೂ ಅದೇ ಕೆಲಸ. ಆದರೆ ಸಮುದ್ರದಲ್ಲಿ ಅದು ಮಹಾ ತಾಪತ್ರಯ.

ಬಹಳಷ್ಟು ಹವಳಗಳು ವರ್ಷದಲ್ಲಿ ಕೆಲವೇ ರಾತ್ರಿ, ಹುಣ್ಣಿಮೆಯ ಆಸುಪಾಸಿನಲ್ಲಿ ಒಟ್ಟಿಗೆ ಬೀಜ ಚೆಲ್ಲುತ್ತವೆ. ಕತ್ತಲಾದ ಮೇಲೆ ಒಂದೊಂದು ಪಾಲಿಪ್‌ನ ಬಾಯಲ್ಲೂ ಸಾಸಿವೆ ಕಾಳಿನಷ್ಟು ದಪ್ಪದ ಗುಲಾಬಿ ಉಂಡೆ ಬಂದು ನಿಲ್ಲುತ್ತದೆ. ಅದರೊಳಗೆ ಮೊಟ್ಟೆಯೂ ಇದೆ, ವೀರ್ಯವೂ ಇದೆ. ಸ್ವಲ್ಪ ಹೊತ್ತು ಹಾಗೇ ಇದ್ದು ಒಮ್ಮೆಗೇ ಬಿಟ್ಟುಕೊಂಡು ಮೇಲಕ್ಕೆ ತೇಲುತ್ತದೆ. ಕೆಳಗಿನಿಂದ ಮೇಲಕ್ಕೆ ಸುರಿಯುವ ಮಳೆ ಇದು. ಮೇಲೆ ಹೋದ ಮೇಲೆ ಉಂಡೆ ಒಡೆದು ಬೇರೆ ಹವಳದ ಬೀಜದ ಜೊತೆ ಸೇರುತ್ತದೆ. ಆ ರಾತ್ರಿ ತಪ್ಪಿದರೆ ವಿಜ್ಞಾನಿಗೆ ಒಂದು ವರ್ಷ ಹೋಯಿತು. ಹಾಗಾಗಿ ಹವಳಗಳನ್ನು ಮೊದಲೇ ತೊಟ್ಟಿಗೆ ತಂದು, ಕೆಂಪು ಟಾರ್ಚಿನ ಮಂದ ಬೆಳಕಿನಲ್ಲಿ ಉಂಡೆ ಹಿಡಿದು, ಜರಡಿಯಲ್ಲಿ ಮೊಟ್ಟೆ ಬೇರೆ ವೀರ್ಯ ಬೇರೆ ಮಾಡಿ, ಬೇಕಾದ ತಂದೆತಾಯಿಯ ಜೋಡಿ ಕೂಡಿಸಬೇಕು.

ಪೆಸಿಫಿಕ್ ಸಾಗರದ ಪಲಾವ್ ದ್ವೀಪದಲ್ಲಿ ಬ್ರಿಟನ್‌ನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡ ಇದನ್ನು ವರ್ಷಗಟ್ಟಲೆ ಮಾಡಿತು. ಬಿಸಿ ತಾಳುವ ಹವಳಗಳನ್ನು ಆರಿಸಿ, ಮರಿ ಮಾಡಿಸಿ, ಮರಿಗಳು ದೊಡ್ಡವಾಗುವ ತನಕ ಸಾಕಿ, ಮತ್ತೆ ಬಿಸಿ ಪರೀಕ್ಷೆಗೆ ಒಡ್ಡಿದರು. ಫಲಿತಾಂಶ 2024ರಲ್ಲಿ ಬಂತು. ಒಳ್ಳೆಯ ತಂದೆತಾಯಿಯ ಮಕ್ಕಳು ನಿಜವಾಗಿಯೂ ಜಾಸ್ತಿ ತಾಳಿದವು. ಎಷ್ಟು? ಒಂದು ತಲೆಮಾರಿನಲ್ಲಿ ಸುಮಾರು 1 ಡಿಗ್ರಿ-ವಾರದಷ್ಟು ತಾಳಿಕೆ ಹೆಚ್ಚಿಸಬಹುದು ಎಂದು ಅವರ ಅಂದಾಜು.

ಇದೇ ಈ ಇಡೀ ಚರ್ಚೆಯ ಮೂಳೆ. ಗಳಿಕೆ 1 ಅಂಕ. ಸಾಲ 8, 12, 20 ಅಂಕ.

ಒಂದು ಅಂಕ ಅಂದರೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 8ರ ಅಂಚಿನಲ್ಲಿರುವ ದಿಬ್ಬಕ್ಕೆ ಅದು ಸಾವು ಬದುಕಿನ ವ್ಯತ್ಯಾಸ. ಆದರೆ ಫ್ಲೋರಿಡಾದ 2023ರಂಥ ಬೇಸಿಗೆಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಜೊತೆಗೆ ತಲೆಮಾರು ಅಂದರೆ ಕೋಳಿಮರಿಯ ಲೆಕ್ಕ ಅಲ್ಲ. ಹವಳದ ಮರಿ ದೊಡ್ಡದಾಗಿ ತಾನೇ ಬೀಜ ಚೆಲ್ಲಲು ಹಲವು ವರ್ಷ ಬೇಕು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಅದಕ್ಕೆ ಪತ್ರಿಕೆಗಳಲ್ಲಿ ಸಿಕ್ಕ ಗಮನ ಕಡಿಮೆ, ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ. ಹತ್ತು ದಿನದ ಜೋರು ಬಿಸಿಯನ್ನು ತಾಳುವ ಗುಣವೂ, ಒಂದು ತಿಂಗಳ ಮಂದ ಬಿಸಿಯನ್ನು ತಾಳುವ ಗುಣವೂ ಒಂದೇ ಅಲ್ಲ. ಒಂದಕ್ಕೆ ಆರಿಸಿದರೆ ಇನ್ನೊಂದು ತಾನಾಗಿ ಬರುವುದಿಲ್ಲ. ನೂರು ಮೀಟರ್ ಓಟಗಾರನನ್ನು ಮ್ಯಾರಥಾನಿಗೆ ಕಳಿಸಿದ ಹಾಗಾಗುತ್ತದೆ. ಈಗ ಜಗತ್ತಿನ ಹಲವೆಡೆ ದೋಣಿಯ ಮೇಲೇ ಇಡಬಹುದಾದ ಪುಟ್ಟ ತೊಟ್ಟಿಗಳಲ್ಲಿ ಒಂದೇ ದಿನದೊಳಗೆ ಮುಗಿಯುವ ಬಿಸಿ ಪರೀಕ್ಷೆ ಮಾಡಿ 'ಗಟ್ಟಿ' ಹವಳ ಗುರುತಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ಖರ್ಚೂ ಕಡಿಮೆ. ಆದರೆ ನಿಜವಾದ ಕಡಲ ಬಿಸಿ ವಾರಗಟ್ಟಲೆ ಇರುವಂಥದ್ದು. ಬೇಗ ಮುಗಿಯುವ ಪರೀಕ್ಷೆಯಲ್ಲಿ ಪಾಸಾದದ್ದು ಅಲ್ಲಿ ಫೇಲಾಗಬಹುದು.

ಪಾಚಿಗೆ ತರಬೇತಿ

ಹವಳ ನಿಧಾನ, ಸರಿ. ಪಾಚಿ? ಅದು ದಿನಗಳಲ್ಲಿ ದುಪ್ಪಟ್ಟಾಗುತ್ತದೆ. ವಾನ್ ಆಪ್ಪೆನ್ ಅವರ ತಂಡದ ಲೆಕ್ಕಾಚಾರ ಇದೇ. ಹವಳದೊಳಗಿನ ಪಾಚಿಯನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ನಾಲ್ಕು ವರ್ಷ 31 ಡಿಗ್ರಿಯಲ್ಲಿ ಬೆಳೆಸಿದರು. ಸಾಯುವುದು ಸತ್ತಿತು, ಉಳಿದದ್ದು ಹೆಚ್ಚಿತು. ಹೀಗೆ ಬಂದ ಹತ್ತು ಸಾಲುಗಳನ್ನು ಹವಳದ ಎಳೆ ಮರಿಗಳಿಗೆ ಮತ್ತೆ ಸೇರಿಸಿ ನೋಡಿದರು. ಹತ್ತೂ ಗಾಜಿನ ಬುಡ್ಡಿಯಲ್ಲಿ ಬಿಸಿ ತಾಳುತ್ತಿದ್ದವು. ಹವಳದ ಒಳಗೆ ಹೋದ ಮೇಲೆ ಮೂರು ಮಾತ್ರ ಹವಳಕ್ಕೂ ಆ ತಾಳಿಕೆ ಕೊಟ್ಟವು. 2020ರಲ್ಲಿ ಇದು ಪ್ರಕಟವಾಯಿತು. ಆಮೇಲೆ ದೊಡ್ಡ ಹವಳಗಳಿಗೂ ಇಂಥ ಪಾಚಿ ಕೂರಿಸಲು ಆಗುತ್ತದೆ ಎಂದು ತೋರಿಸಿದ್ದಾರೆ. ಅದಕ್ಕೆ ಮೊದಲು ಹವಳದ ಹಳೆ ಪಾಚಿಯನ್ನು ಖಾಲಿ ಮಾಡಬೇಕು, ಅಂದರೆ ಬೇಕಂತಲೇ ಬಿಳಿಚಿಸಬೇಕು. ತೊಟ್ಟಿಯಲ್ಲಿ ಸರಿ, ಸಮುದ್ರದಲ್ಲಿ ಹೇಗೆ ಅನ್ನೋದು ಇನ್ನೂ ಪ್ರಶ್ನೆಯೇ.

ಪ್ರಕೃತಿಯಲ್ಲೇ ಬಿಸಿ ತಾಳುವ ಪಾಚಿ ಇಲ್ಲವೇ? ಇದೆ. ಡುರುಸ್ಡಿನಿಯಂ ಎಂಬ ಗುಂಪಿನದು. ಬಿಳಿಚಿ ಚೇತರಿಸಿದ ಹವಳಗಳಲ್ಲಿ ಎಷ್ಟೋ ಸಲ ಇದೇ ಜಾಸ್ತಿಯಾಗಿರುತ್ತದೆ. ಇದರಿಂದ ಹವಳ ಒಂದು, ಒಂದೂವರೆ ಡಿಗ್ರಿ ಜಾಸ್ತಿ ತಡೆಯಬಹುದು. ಆದರೆ ಬಾಡಿಗೆ ಕೊಡುವುದರಲ್ಲಿ ಜಿಪುಣ. ಹವಳ ಬದುಕುತ್ತದೆ, ನಿಧಾನವಾಗಿ ಬೆಳೆಯುತ್ತದೆ.

ಇಂಡಾಫ್ ರಾಗಿ ಮತ್ತು ಹೊಂಡುರಾಸಿನ ಹವಳ

ಈಗ ಮಿಯಾಮಿಯ ಮರಿಗಳಿಗೆ ಬರೋಣ. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿ ಮಾಡಿದ್ದು ನಮಗೆ ಗೊತ್ತು. ಹೆಸರಲ್ಲೇ ಎರಡೂ ಊರು ಇದೆ. ಮಿಯಾಮಿ ವಿಶ್ವವಿದ್ಯಾಲಯದ ಆಂಡ್ರ್ಯೂ ಬೇಕರ್ ಮತ್ತು ಸಂಗಡಿಗರೂ ಅದನ್ನೇ ಮಾಡಿದ್ದಾರೆ. ಹೊಂಡುರಾಸ್ ದೇಶದ ಟೇಲಾ ಕೊಲ್ಲಿಯಲ್ಲಿ ನೀರು ಬಿಸಿ, ಕಲಕು, ಆದರೂ ಹವಳ ಸೊಂಪಾಗಿದೆ. ಅಲ್ಲಿನ ಕಡವೆ ಕೊಂಬಿನ ಹವಳವನ್ನು ಫ್ಲೋರಿಡಾಕ್ಕೆ ತಂದು, ಫ್ಲೋರಿಡಾದ ಅದೇ ಜಾತಿಯ ಜೊತೆ ಕೂಡಿಸಿದರು. ಮರಿಗಳಿಗೆ 'ಫ್ಲೊಂಡುರನ್' ಅಂತ ಹೆಸರಿಟ್ಟರು. ಇದೂ ಹೆಸರಲ್ಲೇ ಎರಡು ಊರು!

ಇಲ್ಲಿ ದೊಡ್ಡ ಸಂಗತಿ ತಳಿಗಿಂತ ಅನುಮತಿ. ಎರಡು ದೇಶಗಳ ತಂದೆತಾಯಿಯಿಂದ ಹುಟ್ಟಿದ ಹವಳವನ್ನು ತೆರೆದ ಸಮುದ್ರದಲ್ಲಿ ನೆಡಲು ಸರ್ಕಾರ ಒಪ್ಪಿದ್ದು ಇದೇ ಮೊದಲು. ಕೆಲವು ವರ್ಷ ಹಿಂದೆ ಸ್ಮಿತ್ಸೋನಿಯನ್ ಸಂಸ್ಥೆಯ ಮೇರಿ ಹ್ಯಾಗಡಾರ್ನ್ ಅವರ ತಂಡ ಫ್ಲೋರಿಡಾ ಹಾಗೂ ಪೋರ್ಟೊರಿಕೋ ಹವಳಗಳ ವೀರ್ಯವನ್ನು ಹೆಪ್ಪುಗಟ್ಟಿಸಿ, ಕ್ಯೂರಸಾವ್ ದ್ವೀಪದ ಹವಳದ ಮೊಟ್ಟೆಗೆ ಸೇರಿಸಿ ಮರಿ ಮಾಡಿಸಿತ್ತು. ನೂರಾರು ಕಿಲೋಮೀಟರ್ ದೂರದ ಹವಳಗಳ ಮದುವೆ ಅದು. ತಾವಾಗಿ ಅವು ಎಂದೂ ಸೇರುತ್ತಿರಲಿಲ್ಲ.

ಬಿಸಿ ಊರಿನ ಹವಳದ ಶಕ್ತಿ ಎಷ್ಟು ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಅರಬ್ಬೀ ಸಮುದ್ರದ ಆಚೆ ಇದೆ. ಪರ್ಷಿಯನ್ ಕೊಲ್ಲಿಯಲ್ಲಿ ಬೇಸಿಗೆಯ ನೀರು 35 ಡಿಗ್ರಿ ಮುಟ್ಟುತ್ತದೆ. ದುಬೈ, ಅಬುಧಾಬಿಯಲ್ಲಿರುವ ಕನ್ನಡಿಗರಿಗೆ ಆ ನೀರಿನ ಬಿಸಿ ಗೊತ್ತಿರುತ್ತದೆ, ಬೇಸಿಗೆಯಲ್ಲಿ ಕಾಲಿಟ್ಟರೆ ಹಂಡೆ ನೀರಿನ ಹಾಗೆ. ಅಲ್ಲೂ ಹವಳ ಇದೆ. ಅಲ್ಲಿನ ತಾಯಿ ಹವಳಕ್ಕೂ ಹಿಂದೂ ಮಹಾಸಾಗರದ ತಂದೆ ಹವಳಕ್ಕೂ ಹುಟ್ಟಿದ ಮರಿಗಳು ಬಿಸಿಯಲ್ಲಿ ಉಳಿಯುವ ಪ್ರಮಾಣ ಶೇ. 84ರವರೆಗೂ ಜಾಸ್ತಿಯಾಯಿತು ಎಂದು 2021ರ ಅಧ್ಯಯನ ತೋರಿಸಿತು.

ಬ್ಯಾಕ್ಟೀರಿಯಾ ಮತ್ತು ಜೀನ್ ತಿದ್ದುವಿಕೆಯ ಬಗ್ಗೆಯೂ ಆಗಾಗ ಸುದ್ದಿ ಬರುತ್ತದೆ. ಬ್ರೆಜಿಲ್ ಮೂಲದ, ಈಗ ಸೌದಿಯಲ್ಲಿರುವ ರಾಕೆಲ್ ಪೆಯ್ಶೋಟೊ ಅವರ ತಂಡ ಉಪಕಾರಿ ಬ್ಯಾಕ್ಟೀರಿಯಾ ಕೊಟ್ಟು ತೊಟ್ಟಿಯ ಹವಳಗಳ ಉಳಿವನ್ನು ಶೇ. 40ರಷ್ಟು ಹೆಚ್ಚಿಸಿತ್ತು. ಮೊಸರಿನ ಮಹಿಮೆ ಅನ್ನಿ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರವನ್ನು ಹವಳದ ಮೇಲೆ ಬಳಸಿದ್ದು ನಿಜ, ಆದರೆ ಬಿಸಿ ತಾಳುವ ಹವಳ ಸೃಷ್ಟಿಸಲು ಅಲ್ಲ. ಒಂದು ಜೀನ್ ಕೆಡಿಸಿದರೆ ಮರಿ ಬಿಸಿಗೆ ಸಾಯುತ್ತದೆಯೇ ಎಂದು ನೋಡಿ ಆ ಜೀನಿನ ಕೆಲಸ ಪತ್ತೆ ಮಾಡಿದರು. ಅದು ಸದ್ಯಕ್ಕೆ ಓದುವ ಸಾಧನ, ಬರೆಯುವ ಸಾಧನ ಅಲ್ಲ.

ಬೇಡ ಅನ್ನುವವರ ವಾದ

ಈ ಎಲ್ಲಕ್ಕೂ ತಕರಾರು ತೆಗೆಯುವವರು ಹವಳ ದ್ವೇಷಿಗಳಲ್ಲ. ಜೀವನಪೂರ್ತಿ ಹವಳವನ್ನೇ ಓದಿದ ಆಸ್ಟ್ರೇಲಿಯಾದ ಟೆರಿ ಹ್ಯೂಸ್ ಅವರಂಥವರೇ ಮುಂಚೂಣಿಯಲ್ಲಿದ್ದಾರೆ.

ಅವರ ಮೊದಲ ತಕರಾರು ಅಳತೆಯದು. ಗ್ರೇಟ್ ಬ್ಯಾರಿಯರ್ ರೀಫ್ ಉದ್ಯಾನದ ವಿಸ್ತಾರ ಸುಮಾರು 3,44,400 ಚದರ ಕಿಲೋಮೀಟರ್. ಅಂದರೆ ಇಡೀ ಕರ್ನಾಟಕಕ್ಕಿಂತ ಒಂದೂಮುಕ್ಕಾಲು ಪಟ್ಟು ದೊಡ್ಡದು. ಅದರಲ್ಲಿ ಸುಮಾರು 3,000 ದಿಬ್ಬಗಳಿವೆ. ಕೈಯಲ್ಲಿ ನೆಟ್ಟ ಹವಳದ ತೋಟಗಳನ್ನು ಹೆಕ್ಟೇರಿನಲ್ಲಿ ಅಳೆಯುತ್ತಾರೆ, ಕೆಲವನ್ನು ಚದರ ಮೀಟರಿನಲ್ಲಿ. ಲಕ್ಷ್ಮಣಯ್ಯನವರ ರಾಗಿ ಗೆದ್ದದ್ದು ಲಕ್ಷಾಂತರ ರೈತರು ಪ್ರತಿ ವರ್ಷ ಬಿತ್ತಿದ್ದರಿಂದ. ಸಮುದ್ರಕ್ಕೆ ಅಂಥ ರೈತರಿಲ್ಲ. ನೆಟ್ಟ ಹವಳ ತಾನೇ ಬೀಜ ಚೆಲ್ಲಿ ತಾನೇ ಹಬ್ಬಬೇಕು.

ಇನ್ನೊಂದು, ನೆಟ್ಟದ್ದೂ ಅದೇ ನೀರಿನಲ್ಲಿ ಬೇಯುತ್ತದೆ. ಫ್ಲೋರಿಡಾದಲ್ಲಿ ದಶಕಗಳಿಂದ ನೆಟ್ಟು ಬೆಳೆಸಿದ ಹವಳ 2023ರ ಒಂದೇ ಬೇಸಿಗೆಯಲ್ಲಿ ಹೋಯಿತು. ಎಷ್ಟೋ ನರ್ಸರಿಗಳಿಂದ ಹವಳವನ್ನು ಕಿತ್ತು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಆ ತೊಟ್ಟಿಗಳಿಂದಲೇ ತಳಿವೈವಿಧ್ಯ ಸ್ವಲ್ಪ ಉಳಿದಿದೆ ಅನ್ನೋದೂ ನಿಜ.

ಆಮೇಲೆ ಅಡ್ಡಪರಿಣಾಮದ ಭಯ. ಹೊರಗಿನ ತಳಿ ಬಂದರೆ ಸ್ಥಳೀಯ ಹವಳದ ಇತರ ಗುಣಗಳು, ಚಳಿ ತಾಳುವುದು, ರೋಗ ತಡೆಯುವುದು, ಕರಗಿಹೋಗಬಹುದು. ಫ್ಲೋರಿಡಾದಲ್ಲಿ 2014ರಿಂದ ಹವಳವನ್ನು ಕೊಲ್ಲುವ ಒಂದು ರೋಗವೂ ಹರಡಿದೆ. ಬಿಸಿಗೆ ಗಟ್ಟಿ, ರೋಗಕ್ಕೆ ಮೆದು ಆದರೆ ಏನು ಬಂತು? ಈ ಭಯ ಸುಳ್ಳಲ್ಲ. ಆದರೆ ಸ್ಥಳೀಯ ಹವಳ ಶೇ. 98ರಷ್ಟು ಸತ್ತ ಕಡೆ 'ಸ್ಥಳೀಯ ತಳಿಯ ಶುದ್ಧತೆ' ಎಂಬ ವಾದ ಅಷ್ಟು ಗಟ್ಟಿ ನಿಲ್ಲುವುದಿಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇನ್ನೂ ನಿಲ್ಲುತ್ತದೆ. ಒಂದೇ ಉತ್ತರ ಎರಡೂ ಕಡೆಗೆ ಹೊಂದದು.

ರಾಜಕೀಯದ ಭಯ ಇವೆಲ್ಲಕ್ಕಿಂತ ದೊಡ್ಡದು. 'ವಿಜ್ಞಾನಿಗಳು ಸೂಪರ್ ಹವಳ ಮಾಡ್ತಿದ್ದಾರಲ್ಲ' ಅಂತ ಹೇಳಿ ಕಲ್ಲಿದ್ದಲು, ಅನಿಲ ಸುಡುವುದನ್ನು ಮುಂದುವರಿಸಲು ಸರ್ಕಾರಗಳಿಗೆ ನೆಪ ಸಿಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲೇ ಹೇಳಿದೆ: ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಭೂಮಿ 1.5 ಡಿಗ್ರಿ ಬಿಸಿಯಾದರೆ ಶೇ. 70ರಿಂದ 90ರಷ್ಟು ಹವಳ ಹೋಗುತ್ತದೆ, 2 ಡಿಗ್ರಿಯಾದರೆ ಶೇ. 99ಕ್ಕೂ ಹೆಚ್ಚು. ಆ ಅರ್ಧ ಡಿಗ್ರಿಯ ಅಂತರದಲ್ಲಿ ಉಳಿಯುವಷ್ಟು ಹವಳವನ್ನು ಯಾವ ಪ್ರಯೋಗಾಲಯವೂ ಬೆಳೆಸಿಕೊಡಲಾರದು.

ಅಕ್ಟೋಬರ್ ವರದಿಯ 'ತಿರುವು' ಎಂಬ ಮಾತನ್ನೂ ಇಲ್ಲೇ ನೋಡಬೇಕು. ಅದರ ಮಧ್ಯದ ಅಂದಾಜು 1.2 ಡಿಗ್ರಿ. ಭೂಮಿ ಈಗಾಗಲೇ ಸುಮಾರು 1.4ರಲ್ಲಿದೆ. ಹಾಗಂತ ನಾಳೆ ಎಲ್ಲವೂ ಖಾಲಿ ಅಂತಲ್ಲ. ಬಿಸಿ ಇಷ್ಟೇ ಉಳಿದರೂ ಬಹುಪಾಲು ದಿಬ್ಬಗಳು ಕ್ರಮೇಣ ಕುಸಿಯುತ್ತವೆ ಎಂದು ಅರ್ಥ. ಇದನ್ನು ಒಪ್ಪದ ಹವಳ ತಜ್ಞರೂ ಇದ್ದಾರೆ. ಜಾತಿಗಳು ಬದಲಾಗಿ, ಬೇರೆ ರೂಪದಲ್ಲಿ ದಿಬ್ಬಗಳು ಮುಂದುವರಿಯಬಹುದು ಅನ್ನುವುದು ಅವರ ನಿಲುವು.

ಕದ್ಮತ್‌ನಿಂದ ನೋಡಿದರೆ

ಲಕ್ಷದ್ವೀಪದ ಕದ್ಮತ್, ಅಮಿನಿ, ಕಿಲ್ತಾನ್ ದ್ವೀಪಗಳು 1956ರವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಈಗಲೂ ಅಲ್ಲಿಗೆ ಅಕ್ಕಿ, ತರಕಾರಿ, ಜಲ್ಲಿ ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತದೆ. ಆ ದ್ವೀಪಗಳಿಗೆ ಬೇರೆ ನೆಲವಿಲ್ಲ. ಕಾಲ ಕೆಳಗಿನ ಮರಳೂ ಹವಳದ ಪುಡಿಯೇ. ಅಲೆ ಒಡೆಯುವುದು ಹವಳದ ದಿಬ್ಬಕ್ಕೆ ಬಡಿದು. ಟ್ಯೂನಾ ಹಿಡಿಯಲು ಬೇಕಾದ ಪುಟ್ಟ ಮೀನು ಸಿಗುವುದು ದಿಬ್ಬದೊಳಗಿನ ಲಗೂನಿನಲ್ಲಿ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅಗತ್ತಿ, ಕದ್ಮತ್, ಕವರತ್ತಿಯ ದಿಬ್ಬಗಳನ್ನು 24 ವರ್ಷ ಅಳೆದಿದೆ. 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳ 2022ಕ್ಕೆ ಶೇ. 19ರ ಹತ್ತಿರ ಬಂದಿದೆ. ಕುತೂಹಲದ ಸಂಗತಿ ಎಂದರೆ, 1998, 2010, 2016ರ ಬಿಸಿಗಳಲ್ಲಿ ಒಂದಾದ ಮೇಲೊಂದರಂತೆ ಸಾವಿನ ಪ್ರಮಾಣ ಕಡಿಮೆಯಾಗುತ್ತಾ ಬಂತು. ಮೆದುವಾದವು ಮೊದಲೇ ಹೋದವು, ಗಟ್ಟಿಯಾದವು ಉಳಿದವು. ಪ್ರಯೋಗಾಲಯದಲ್ಲಿ ಮಾಡುವ ಆಯ್ಕೆಯನ್ನು ಸಮುದ್ರವೇ ಕ್ರೂರವಾಗಿ ಮಾಡುತ್ತಿದೆ. ಆದರೆ ಒಟ್ಟು ಹವಳ ಏರಲಿಲ್ಲ, ಯಾಕೆಂದರೆ ಚೇತರಿಕೆಯ ವೇಗ ತಗ್ಗಿದೆ. ಇದರ ಮೇಲೆ 2023ರ ಕೊನೆಯಿಂದ ಮತ್ತೆ ಬಿಸಿ ಏರಿ, 2024ರಲ್ಲಿ ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು.

ಭಾರತದಲ್ಲಿ ಹವಳ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಮನ್ನಾರ್ ಕೊಲ್ಲಿಯಲ್ಲೂ ಕಚ್ಛ್ ಕೊಲ್ಲಿಯಲ್ಲೂ ಹವಳದ ತುಂಡು ನೆಡುವ ಕೆಲಸ ವರ್ಷಗಳಿಂದ ನಡೆದಿದೆ. ಆದರೆ ತುಂಡು ನೆಡುವುದಕ್ಕೂ ತಳಿ ಆರಿಸುವುದಕ್ಕೂ ವ್ಯತ್ಯಾಸ ಇದೆ. ತುಂಡು ಅಂದರೆ ತಾಯಿಯ ಪಡಿಯಚ್ಚು. ತಾಯಿ ಯಾವ ಬಿಸಿಗೆ ಸಾಯುತ್ತದೋ ತುಂಡೂ ಅದೇ ಬಿಸಿಗೆ ಸಾಯುತ್ತದೆ. ಹಾಗಾಗಿ ನೆಡುವ ಮೊದಲು 'ಈ ತಾಯಿ 2016ರಲ್ಲಿ, 2024ರಲ್ಲಿ ಏನಾಗಿತ್ತು?' ಅಂತ ಕೇಳುವುದು ಅತಿ ಅಗ್ಗದ ಜೀವವಿಜ್ಞಾನ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೂ ಈ ಪ್ರಶ್ನೆ ಕೇಳಬಹುದು. ಅಲ್ಲಿ ಡೈವಿಂಗ್‌ಗೆ ಹೋಗುವವರು ಪ್ರತಿ ಬೇಸಿಗೆಯಲ್ಲೂ ಇದ್ದಾರೆ, ಅವರ ಕೈಯಲ್ಲಿ ಕ್ಯಾಮೆರಾವೂ ಇದೆ.

ಮುಂದೆ ಏನಾಗಬಹುದು

ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಹವಳ ಪೂರ್ತಿ ಮಾಯವಾಗುವುದಕ್ಕಿಂತ ಅದರ ಚಹರೆ ಬದಲಾಗುವುದು ಮೊದಲು ಕಾಣುತ್ತದೆ. ಕೊಂಬೆಯ ಹವಳ ಹೋಗಿ ಬಂಡೆಯಂಥ, ನಿಧಾನಕ್ಕೆ ಬೆಳೆಯುವ ಹವಳ ಉಳಿಯುತ್ತದೆ. ಕೊಂಬೆಯ ಸಂದಿಯಲ್ಲಿ ಅಡಗುತ್ತಿದ್ದ ಮರಿಮೀನಿಗೆ ಜಾಗ ಕಡಿಮೆ. ಸತ್ತ ಹವಳವನ್ನು ಅಲೆ, ಹುಳ, ಗಿಳಿಮೀನು ಕೊರೆಯುತ್ತವೆ. ಹೊಸದಾಗಿ ಕಟ್ಟುವುದು ಕೊರೆಯುವುದಕ್ಕಿಂತ ನಿಧಾನವಾದರೆ ದಿಬ್ಬ ತಗ್ಗುತ್ತದೆ. ಸಮುದ್ರ ಮಟ್ಟ ಏರುತ್ತಿರುವಾಗ ದಿಬ್ಬ ತಗ್ಗಿದರೆ ಅಲೆ ನೇರ ದಂಡೆಗೇ ಬರುತ್ತದೆ.

ಎಲ್ಲಾ ಕಡೆಗೂ ಸಾಲುವಷ್ಟು ತಳಿ ಮರಿ ಸಿಗುವುದಿಲ್ಲ. ಹಾಗಾಗಿ ಯಾವ ದಿಬ್ಬ ಉಳಿಸಬೇಕು ಎಂಬ ಆಯ್ಕೆ ಬರುತ್ತದೆ. ಪ್ರವಾಸಿಗರು ಬರುವ ದಿಬ್ಬವೇ, ಬೀಜ ತೇಲಿಸಿ ಉಳಿದ ದಿಬ್ಬಗಳಿಗೆ ಕಳಿಸುವ ದಿಬ್ಬವೇ, ಜನವಸತಿಗೆ ಅಡ್ಡಗೋಡೆಯಾಗಿರುವ ದಿಬ್ಬವೇ? ದುಡ್ಡು ಇರುವ ಆಸ್ಟ್ರೇಲಿಯಾ, ಅಮೆರಿಕ, ಸೌದಿಯಲ್ಲಿ ತೊಟ್ಟಿಗಳಿವೆ. ಹವಳವನ್ನೇ ನಂಬಿ ಬದುಕುವ ದ್ವೀಪಗಳು ಬಹುಪಾಲು ಬಡವರವು. ಈ ಅಂತರದ ಬಗ್ಗೆ ಮಾತು ಈಗಷ್ಟೇ ಶುರುವಾಗಿದೆ.

ಮಿಯಾಮಿ ಹತ್ತಿರ ನೆಟ್ಟ ಮರಿಗಳು ಅಂಗೈಗಿಂತ ಚಿಕ್ಕವು, ಸಿಮೆಂಟಿನಲ್ಲಿ ಕೂರಿಸಿದ್ದಾರೆ. ಅವು ಬದುಕಿದರೂ ಬೀಜ ಚೆಲ್ಲುವ ವಯಸ್ಸಿಗೆ ಬರಲು ಹಲವು ಬೇಸಿಗೆ ದಾಟಬೇಕು. ಅಷ್ಟರೊಳಗೆ 2023ರಂಥದ್ದು ಇನ್ನೊಂದು ಬಂದರೆ, ಹೊಂಡುರಾಸಿನ ರಕ್ತದಿಂದ ಸಿಕ್ಕ ತಾಳಿಕೆ ಎಷ್ಟು ಡಿಗ್ರಿ-ವಾರ ಅನ್ನೋದು ತೊಟ್ಟಿಯ ಹೊರಗೆ ಮೊದಲ ಸಲ ಗೊತ್ತಾಗುತ್ತದೆ.